ಹರಿವನ್ನು ತಡೆದು ಬಿಡುವ ವಿದ್ಯೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ಹೆಸರುಗಳನ್ನು ನಿಮ್ಮ ಮೊಬೈಲಿನಲ್ಲಿ ಟೈಪ್ ಮಾಡಿ ನೋಡಿ. ಒತ್ತಕ್ಷರ ಕೆಳಗೆ, ಗುಡಿಸು ಮೇಲೆ, ಅರ್ಕಾವತ್ತು ಪಕ್ಕದಲ್ಲಿ, ಎಲ್ಲವೂ ತಂತಮ್ಮ ಜಾಗದಲ್ಲಿ ಕೂರುತ್ತವೆ. ಇಪ್ಪತ್ತು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿ ಕನ್ನಡ ಬಳಸಿದವರಿಗೆ ಇದು ತಾನಾಗಿ ಬಂದ ಭಾಗ್ಯವಲ್ಲ ಎಂಬುದು ಗೊತ್ತು. ಒಂದು ಯಂತ್ರದಲ್ಲಿ ಚೆನ್ನಾಗಿದ್ದ ಕಡತ ಇನ್ನೊಂದರಲ್ಲಿ ಖಾಲಿ ಚೌಕಗಳ ಸಾಲಾಗುತ್ತಿತ್ತು. ಒತ್ತುಗಳು ಬಿಡಿಬಿಡಿಯಾಗಿ ಅಕ್ಷರದ ಪಕ್ಕಕ್ಕೆ ಬೀಳುತ್ತಿದ್ದವು.

ಇಂದು ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳಲ್ಲಿ, ಲಿಬ್ರೆಆಫೀಸ್‌ನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿರುವುದು ಹಾರ್ಫ್‌ಬಝ್ ಎಂಬ ತಂತ್ರಾಂಶ. ಇದು ಮುಕ್ತ ತಂತ್ರಾಂಶ. ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಬರೆದು ಕಳುಹಿಸಬಹುದು. ಕನ್ನಡದ ನೋಟೊ, ಲೋಹಿತ್ ಫಾಂಟುಗಳು, ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಫಾಂಟುಗಳು ಕೂಡ ಹೀಗೆಯೇ ತೆರೆದವು. ಆಂಡ್ರಾಯ್ಡ್‌ಗೆ ಆಧಾರವಾಗಿರುವ ಲಿನಕ್ಸ್ ತಿರುಳೂ (ಕರ್ನಲ್) ಹಾಗೆಯೇ. ಜಗತ್ತಿನ ಯಾವುದೋ ಊರಿನಿಂದ, ಯಾವುದೋ ಹೊತ್ತಿನಲ್ಲಿ, ಒಬ್ಬರಲ್ಲ ಒಬ್ಬರು ಇವನ್ನು ತಿದ್ದುತ್ತಲೇ ಇರುತ್ತಾರೆ.

ಒಗಟು ಇಲ್ಲಿದೆ. ಇಷ್ಟೊಂದು ಕೈಗಳು ದಿನವೂ ಬದಲಿಸುವ ವಸ್ತು ದಿನವೂ ಕೆಡಬೇಕಲ್ಲವೇ? ನಮ್ಮ ಮೇಜಿನ ಮೇಲೆ ಅದು ಇಷ್ಟು ಗಟ್ಟಿಯಾಗಿ ನಿಂತಿರುವುದು ಹೇಗೆ?

ಬರೆಯುವವರು ಜಾಣರು ಎಂದರೆ ಉತ್ತರವಾಗುವುದಿಲ್ಲ. ಜಾಣರೂ ದಿನವೂ ತಪ್ಪು ಮಾಡುತ್ತಾರೆ. ಆ ತಪ್ಪುಗಳು ನಮ್ಮವರೆಗೆ ಬಾರದಂತೆ ತಡೆಯುವ ಒಂದು ಕ್ರಮವಿದೆ. ಅದರ ಹೆಸರು ಬಿಡುಗಡೆ ನಿರ್ವಹಣೆ.

ನಾಲ್ಕು ಊರು, ನಾಲ್ಕು ಪರೀಕ್ಷೆ

ತಪ್ಪು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಅದಕ್ಕೆ ಈ ನಾಲ್ಕು ಊರುಗಳ ಹೆಸರೇ ಸಾಕು.

‘ಸವದತ್ತಿ’ ಟೈಪ್ ಮಾಡುವಾಗ ಗುಡಿಸನ್ನು ಕೊನೆಯಲ್ಲಿ ಒತ್ತುತ್ತೇವೆ. ಆದರೆ ಅದು ಒತ್ತಕ್ಷರವನ್ನು ದಾಟಿ ಮೇಲಿನ ತಕಾರದ ತಲೆಗೆ ಹೋಗಿ ಕೂಡಬೇಕು. ‘ಕಿತ್ತೂರು’ ಎಂಬಲ್ಲಿ ಒತ್ತು ಕೆಳಗೆ ನಿಲ್ಲಬೇಕು, ದೀರ್ಘದ ಗೆರೆ ಬಲಕ್ಕೆ ಬೆಳೆಯಬೇಕು, ಎರಡೂ ಒಂದನ್ನೊಂದು ತುಳಿಯಬಾರದು. ‘ಬೈಲಹೊಂಗಲ’ದ ‘ಹೊ’ ಇನ್ನೊಂದು ಬಗೆಯದು. ಅದರ ಸ್ವರಚಿಹ್ನೆಯನ್ನು ಕಂಪ್ಯೂಟರು ಒಂದೇ ಸಂಕೇತವಾಗಿಯೂ ಇಟ್ಟುಕೊಳ್ಳಬಹುದು, ಎರಡು ತುಂಡುಗಳಾಗಿಯೂ ಇಟ್ಟುಕೊಳ್ಳಬಹುದು. ಹೇಗಿಟ್ಟರೂ ಕಣ್ಣಿಗೆ ಕಾಣುವ ರೂಪ ಒಂದೇ ಆಗಿರಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ‘ರಾಮದುರ್ಗ’. ಇಲ್ಲಿ ರಕಾರವನ್ನು ಗಕಾರಕ್ಕಿಂತ ಮೊದಲು ಟೈಪ್ ಮಾಡುತ್ತೇವೆ, ಆದರೆ ಅದು ಅರ್ಕಾವತ್ತಾಗಿ ಗಕಾರದ ನಂತರ ಕಾಣಬೇಕು. ‘ಸೂರ್ಯ’ದಲ್ಲಿಯೂ ಹಾಗೆಯೇ. ಅದೇ ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ತನ್ನ ಜಾಗದಲ್ಲೇ ಉಳಿದು ಯಕಾರ ಕೆಳಗೆ ಒತ್ತಾಗಬೇಕು. ಈ ಎರಡನ್ನು ಬೇರ್ಪಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತಾರೆ.

ಈಗ ಒಬ್ಬ ಪ್ರೋಗ್ರಾಮರು ‘ರ‍್ಯಾಂಕ್’ ಸರಿಯಾಗಿ ಮೂಡುತ್ತಿಲ್ಲವೆಂದು ನಿಯಮವನ್ನು ಸ್ವಲ್ಪ ತಿದ್ದುತ್ತಾರೆ ಎಂದುಕೊಳ್ಳಿ. ‘ರ‍್ಯಾಂಕ್’ ಸರಿಹೋಗುತ್ತದೆ. ಆದರೆ ಆ ತಿದ್ದುಪಡಿ ಅವರಿಗೆ ಗೊತ್ತಿಲ್ಲದೆಯೇ ‘ರಾಮದುರ್ಗ’ದ ಅರ್ಕಾವತ್ತನ್ನು ಕೆಡಿಸಿರಬಹುದು. ಹೊಸದನ್ನು ಸರಿಮಾಡಲು ಹೋಗಿ ಹಳೆಯದು ಕೆಡುವ ಇಂಥ ದೋಷಕ್ಕೆ ತಂತ್ರಾಂಶದವರು ‘ರಿಗ್ರೆಶನ್’ ಎನ್ನುತ್ತಾರೆ. ನಾವು ಮರುಕೆಡುಕು ಎನ್ನೋಣ. ದೊಡ್ಡ ತಂತ್ರಾಂಶಗಳಲ್ಲಿ ಮರುಕೆಡುಕು ಸಾಮಾನ್ಯವಾಗಿ ಬರೆದವರ ಕಣ್ಣಿಗೆ ಬೀಳುವುದಿಲ್ಲ. ಅವರು ನೋಡುತ್ತಿರುವುದು ತಾವು ತಿದ್ದಿದ ಜಾಗವನ್ನು. ಕೆಟ್ಟಿರುವುದು ಬೇರೆಲ್ಲೋ. ಅದು ಹೊರಬರಬೇಕಾದರೆ ಬೇರೆಯವರು, ಬೇರೆ ಯಂತ್ರದಲ್ಲಿ, ಬೇರೆ ಕೆಲಸಕ್ಕೆ ಅದನ್ನು ಬಳಸಿ ನೋಡಬೇಕು. ಅಂದರೆ ಕಾಲ ಬೇಕು. ಆ ಕಾಲದಲ್ಲಿ ತಂತ್ರಾಂಶ ಬದಲಾಗದೆ ನಿಂತಿರಬೇಕು. ದಿನವೂ ಬದಲಾಗುವುದನ್ನು ಯಾರೂ ಪೂರ್ತಿಯಾಗಿ ಪರೀಕ್ಷಿಸಲಾರರು.

ಮಲಪ್ರಭೆ ಮತ್ತು ನವಿಲುತೀರ್ಥ

ಹರಿಯುವುದನ್ನು ನಿಲ್ಲಿಸುವ ಬಗೆ ತಿಳಿಯಲು ಇದೇ ಊರುಗಳ ಹೊಳೆಯನ್ನು ನೋಡೋಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ನಾಲ್ಕೂ ತಾಲ್ಲೂಕುಗಳ ಹೊಳೆ. ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ಕಡೆಯಿಂದ ಹರಿದು ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಹತ್ತಿರ ನವಿಲುತೀರ್ಥ ಅಣೆಕಟ್ಟಿಗೆ ಬರುತ್ತದೆ. ಅಲ್ಲಿ ನಿಂತ ನೀರೇ ರೇಣುಕಾ ಸಾಗರ, ಸುಮಾರು 37 ಟಿಎಂಸಿ ಅಡಿ ಹಿಡಿಯುವ ಜಲಾಶಯ. ಅಲ್ಲಿಂದ ಬಿಟ್ಟ ನೀರು ರಾಮದುರ್ಗದ ಕಡೆಗೆ ಸಾಗುತ್ತದೆ.

ಮೇಲೆ ಕಣಕುಂಬಿಯ ಕಾಡಿನಲ್ಲಿ ಮಳೆ ಯಾವಾಗ ಎಷ್ಟು ಬೀಳುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಅಣೆಕಟ್ಟಿನವರ ಕೈಯಲ್ಲಿರುವುದು ಹೊರಹರಿವು. ಒಳಹರಿವನ್ನು ಅಳೆಯುತ್ತಾರೆ, ನೀರನ್ನು ನಿಲ್ಲಿಸುತ್ತಾರೆ, ನದಿ ಪಾತ್ರದ ಜನರಿಗೆ ಮುನ್ನೆಚ್ಚರಿಕೆ ಕೊಡುತ್ತಾರೆ, ಆಮೇಲೆ ಗೇಟುಗಳನ್ನು ಹಂತಹಂತವಾಗಿ ಎತ್ತುತ್ತಾರೆ. 2019ರ ಆಗಸ್ಟಿನಲ್ಲಿ ಒಳಹರಿವು ಉಕ್ಕಿ ಬಂದು ಬಿಡುವ ನೀರೂ ಹೆಚ್ಚಾದಾಗ ರಾಮದುರ್ಗ ಮತ್ತು ಕೆಳಗಿನ ಹಳ್ಳಿಗಳು ಮುಳುಗಿದವು. ಮೇಲಿನ ಹರಿವು ಹಾಗೆಯೇ ಕೆಳಗಿಳಿದರೆ ಏನಾಗುತ್ತದೆ ಎಂಬುದು ಆ ಊರಿನವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ಮುಕ್ತ ತಂತ್ರಾಂಶದಲ್ಲಿಯೂ ಹೀಗೆ ಮೇಲ್ದಂಡೆ, ಕೆಳದಂಡೆ ಇವೆ. ಹಾರ್ಫ್‌ಬಝ್‌ನಂಥ ಮೂಲ ಯೋಜನೆಗಳು ಮೇಲ್ದಂಡೆ. ಅವನ್ನೆಲ್ಲ ಕೂಡಿಸಿ ಒಂದು ಪೂರ್ಣ ಕಾರ್ಯಾಚರಣ ವ್ಯವಸ್ಥೆಯನ್ನಾಗಿ ಹಂಚುವ ಡೆಬಿಯನ್, ಉಬುಂಟು, ಫೆಡೋರಾದಂಥವು ಕೆಳದಂಡೆ. ಉಬುಂಟು ಡೆಬಿಯನ್‌ನಿಂದ ನೀರು ಪಡೆಯುತ್ತದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ‘ವಿಷಯ ಶಿಕ್ಷಕರ ವೇದಿಕೆ’ ತರಬೇತಿಗಳಲ್ಲಿ ಬಳಕೆಯಾದದ್ದು ಉಬುಂಟು. ಮೇಲ್ದಂಡೆಯಲ್ಲಿ ಯಾರೋ ಬರೆದ ಒಂದು ಸಾಲು ಹೀಗೆ ಇಳಿದು ಇಳಿದು ಒಂದು ಹಳ್ಳಿಯ ಪ್ರೌಢಶಾಲೆಯ ಗಣಕ ಕೊಠಡಿಯನ್ನು ಮುಟ್ಟುತ್ತದೆ.

ಇನ್ನು ನೀರನ್ನು ನಿಲ್ಲಿಸುವುದು ಎಲ್ಲಿ?

ಮೂರು ಮಡುಗಳು

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಈ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರ ಕಟ್ಟಿಕೊಂಡಿದೆ. ಅಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದು ಪ್ಯಾಕೇಜು. ಗುಬ್ಬಿ ಫಾಂಟು ಒಂದು ಪ್ಯಾಕೇಜು, ನವಿಲು ಇನ್ನೊಂದು. ಪ್ಯಾಕೇಜುಗಳು ಮೂರು ಮಡುಗಳನ್ನು ದಾಟಬೇಕು.

ಮೊದಲನೆಯದು ಅಸ್ಥಿರ ಮಡು. ಹೊಸದಾಗಿ ಬಂದದ್ದೆಲ್ಲ ಇಲ್ಲಿಗೆ ಬೀಳುತ್ತದೆ. ಇದನ್ನು ಬಳಸುವವರು ಕೆಡುಕಿಗೆ ಸಿದ್ಧರಿರುವ ಧೈರ್ಯಸ್ಥರು, ಹೆಚ್ಚಿನವರು ಸ್ವತಃ ತಂತ್ರಾಂಶ ಬರೆಯುವವರು. ಎರಡನೆಯದು ಪರೀಕ್ಷಾ ಮಡು. ಅಸ್ಥಿರ ಮಡುವಿನಲ್ಲಿ ಪ್ಯಾಕೇಜೊಂದು ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ನಿಂತು, ಗಂಭೀರವಾದ ಹೊಸ ದೋಷವೇನೂ ವರದಿಯಾಗದಿದ್ದರೆ, ಅದು ಇಲ್ಲಿಗೆ ಇಳಿಯುತ್ತದೆ. ಅದು ನಂಬಿಕೊಂಡಿರುವ ಬೇರೆ ಪ್ಯಾಕೇಜುಗಳೂ ಜೊತೆಗಿರಬೇಕು, ಅದು ಬಂದದ್ದರಿಂದ ಇನ್ನೊಂದು ಮುರಿಯಬಾರದು. ಈ ಲೆಕ್ಕವನ್ನೆಲ್ಲ ಒಂದು ಪ್ರೋಗ್ರಾಮೇ ಮಾಡುತ್ತದೆ. ಮೂರನೆಯದು ಸ್ಥಿರ ಮಡು. ಸಾಮಾನ್ಯ ಬಳಕೆದಾರರಿಗೆ, ಕಚೇರಿಗಳಿಗೆ, ಸರ್ವರುಗಳಿಗೆ ಸಲ್ಲುವುದು ಇದು.

ಒಂದರಿಂದ ಎರಡಕ್ಕೆ ನೀರು ದಿನವೂ ಸೋಸಿಕೊಂಡು ಹರಿಯುತ್ತದೆ. ಎರಡರಿಂದ ಮೂರಕ್ಕೆ ಮಾತ್ರ ಹಾಗಲ್ಲ. ಅಲ್ಲಿ ಗೇಟು ಇದೆ. ಅದು ಸುಮಾರು ಎರಡು ವರ್ಷಕ್ಕೊಮ್ಮೆ ತೆರೆಯುತ್ತದೆ.

ಗೇಟು ಇಳಿಸುವ ಕ್ರಮ

ಗೇಟು ತೆರೆಯುವ ಮೊದಲು ಪರೀಕ್ಷಾ ಮಡುವಿಗೆ ಬರುವ ಹರಿವನ್ನು ನಿಲ್ಲಿಸಬೇಕು. ಇದಕ್ಕೆ ‘ಫ್ರೀಜ್’ ಎಂಬ ಹೆಸರಿದೆ. ನಾವು ತಡೆಹಿಡಿತ ಎನ್ನೋಣ. ಇಡೀ ಬಿಡುಗಡೆ ವಿದ್ಯೆಯ ಹೃದಯ ಇದೇ.

‘ಬುಕ್‌ವರ್ಮ್’ ಎಂಬ ಅಡ್ಡಹೆಸರಿನ ಡೆಬಿಯನ್ 12 ಬಂದ ಬಗೆ ಇದಕ್ಕೆ ಒಳ್ಳೆಯ ಉದಾಹರಣೆ. 2023ರ ಜನವರಿ 12ರಂದು ಮೊದಲ ಗೇಟು ಇಳಿಯಿತು. ಒಂದು ಬದಲಾದರೆ ಹತ್ತಾರು ಬದಲಾಗಬೇಕಾದಂಥ ದೊಡ್ಡ ಪಲ್ಲಟಗಳಿಗೆ ಅಂದಿನಿಂದ ಪ್ರವೇಶವಿಲ್ಲ. ಫೆಬ್ರುವರಿ 12ರಂದು ಎರಡನೆಯದು ಇಳಿಯಿತು. ಹೊಸ ಪ್ಯಾಕೇಜುಗಳಿಗೆ ಬಾಗಿಲು ಮುಚ್ಚಿತು, ಸಣ್ಣ ಮತ್ತು ನಿಖರವಾದ ತಿದ್ದುಪಡಿಗಳಿಗೆ ಮಾತ್ರ ದಾರಿ ಉಳಿಯಿತು. ಮಾರ್ಚ್ 12ರಂದು ಮೂರನೆಯದು. ಅಂದಿನಿಂದ ಮುಖ್ಯ ಪ್ಯಾಕೇಜುಗಳಿಗೆ ಮತ್ತು ತಾನಾಗಿ ನಡೆಯುವ ಪರೀಕ್ಷೆ ಇಲ್ಲದ ಪ್ಯಾಕೇಜುಗಳಿಗೆ ಬಿಡುಗಡೆ ತಂಡದವರು ಒಂದೊಂದನ್ನೂ ಓದಿ ಒಪ್ಪಿಗೆ ಕೊಡಬೇಕಾಯಿತು. ಮೇ 24ರಿಂದ ಯಾವ ಬದಲಾವಣೆಯೂ ಅವರ ಕಣ್ಣು ತಪ್ಪಿಸಿ ಒಳಗೆ ಬರುವಂತಿರಲಿಲ್ಲ. ಜೂನ್ 10ರಂದು ಬಿಡುಗಡೆಯಾಯಿತು. ಒಟ್ಟು 64,419 ಪ್ಯಾಕೇಜುಗಳು, ಅವುಗಳಲ್ಲಿ 11,089 ಹೊಸವು.

ಈ ಐದು ತಿಂಗಳಲ್ಲಿ ಮೇಲ್ದಂಡೆಯವರು ಬರೆಯುವುದನ್ನು ನಿಲ್ಲಿಸಲಿಲ್ಲ. ಅಸ್ಥಿರ ಮಡುವಿನ ಆಚೆಗೆ ಅವರ ಹೊಸ ಕೆಲಸ ಸಂಗ್ರಹವಾಗುತ್ತಲೇ ಇತ್ತು. ಮಳೆಯನ್ನು ನಿಲ್ಲಿಸದೆ ನೀರನ್ನು ನಿಲ್ಲಿಸುವುದು ಎಂದರೆ ಇದು. ಕೆಳಗೆ ನಿಂತ ನೀರಿನಲ್ಲಿ ಜನ ದೋಷ ಹುಡುಕಿದರು. ಬಿಡುಗಡೆಯನ್ನು ತಡೆಯಬಲ್ಲಷ್ಟು ಗಂಭೀರವಾದ ದೋಷಗಳಿಗೆ ಡೆಬಿಯನ್‌ನಲ್ಲಿ ಪ್ರತ್ಯೇಕ ಪಟ್ಟಿಯೇ ಇದೆ. ದೋಷ ತಿದ್ದಿದರೆ ಪ್ಯಾಕೇಜು ಉಳಿಯುತ್ತದೆ. ಯಾರೂ ತಿದ್ದದಿದ್ದರೆ, ಅದು ತೀರ ಅಗತ್ಯದ್ದಲ್ಲದಿದ್ದರೆ, ಪ್ಯಾಕೇಜನ್ನೇ ಹೊರಗಿಡುತ್ತಾರೆ.

ಮುಗಿದಾಗ ಬಿಡುವುದೋ, ಗೊತ್ತಾದ ದಿನ ಬಿಡುವುದೋ

ಎಲ್ಲ ಮುಗಿದ ಮೇಲೆ ಬಿಡೋಣ ಎಂಬ ಮಾತು ಕೇಳಲು ಚೆಂದ. ಅದರ ಬೆಲೆಯನ್ನು ಡೆಬಿಯನ್ ಕೊಟ್ಟಿದೆ. 2002ರ ಜುಲೈನಲ್ಲಿ 3.0 ಆವೃತ್ತಿ ಬಂದ ಮೇಲೆ 3.1 ಬರಲು 2005ರ ಜೂನ್ ಆಯಿತು. ಹತ್ತಿರ ಹತ್ತಿರ ಮೂರು ವರ್ಷ. ಬಿಡುಗಡೆ ಯಾವಾಗ ಎಂಬುದು ತಿಳಿಯದಿದ್ದರೆ ಪ್ರತಿಯೊಬ್ಬರೂ ತಮ್ಮ ಇನ್ನೊಂದು ಹೊಸ ಸಂಗತಿಯನ್ನು ಒಳಗೆ ತುರುಕಲು ನೋಡುತ್ತಾರೆ. ಈ ಸಲ ತಪ್ಪಿದರೆ ಮುಂದಿನ ಸಲ ಯಾವಾಗಲೋ ಎಂಬ ಭಯ ಅದಕ್ಕೆ ಕಾರಣ. ತುರುಕಿದಷ್ಟೂ ದೋಷ, ದೋಷವಿದ್ದಷ್ಟೂ ವಿಳಂಬ, ವಿಳಂಬವಾದಷ್ಟೂ ಮತ್ತೆ ತುರುಕುವಿಕೆ.

ದಿನಾಂಕ ಮೊದಲೇ ಗೊತ್ತಿದ್ದರೆ ಈ ಸುಳಿ ಬಿಚ್ಚಿಕೊಳ್ಳುತ್ತದೆ. ಕಂಪ್ಯೂಟರಿನ ಪರದೆಯ ಮೇಲಿನ ಮೆನು, ಕಿಟಕಿ, ಗುಂಡಿಗಳನ್ನು ಕೊಡುವ ಗ್ನೋಮ್ ಯೋಜನೆ ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹೊಸ ಆವೃತ್ತಿ ಬಿಡುತ್ತದೆ. ಉಬುಂಟು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ. ಲಿನಕ್ಸ್ ತಿರುಳಿನಲ್ಲಿ ಎರಡು ವಾರ ಹೊಸತನ್ನು ಸೇರಿಸಿಕೊಂಡು, ಆಮೇಲೆ ವಾರಕ್ಕೊಂದು ಪರೀಕ್ಷಾ ಪ್ರತಿ ಬಿಡುತ್ತ, ಒಂಬತ್ತು ಹತ್ತು ವಾರಕ್ಕೆ ಒಂದು ಆವೃತ್ತಿ ಮುಗಿಸುತ್ತಾರೆ. ಸಿದ್ಧವಾಗದ ಕೆಲಸ ಮುಂದಿನ ಸರದಿಗೆ ಕಾಯುತ್ತದೆ. ಆ ಸರದಿ ಖಚಿತವಾಗಿ ಬರುತ್ತದೆ ಎಂಬ ನಂಬಿಕೆಯೇ ಬರೆಯುವವರಿಗೆ ತಾಳ್ಮೆ ಕೊಡುತ್ತದೆ.

ಕನ್ನಡಕ್ಕೆ ಬೇಕಾದ ನಿಲುಗಡೆ

ತಡೆಹಿಡಿತಗಳಲ್ಲಿ ಒಂದು ನಮ್ಮ ಭಾಷೆಗೆ ನೇರವಾಗಿ ಸಂಬಂಧಿಸಿದ್ದು. ಪರದೆಯ ಮೇಲೆ ಕಾಣುವ ಪ್ರತಿಯೊಂದು ಮಾತು, ‘ಕಡತ ತೆರೆ’, ‘ಉಳಿಸು’, ‘ಹುಡುಕು’ ಎಂಬಂಥವು, ಮೂಲದಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಸ್ವಯಂಸೇವಕರು ಅದನ್ನು ಕನ್ನಡಕ್ಕೆ ತರುತ್ತಾರೆ. ಬಿಡುಗಡೆಯ ಹಿಂದಿನ ದಿನ ಪ್ರೋಗ್ರಾಮರು ಇಂಗ್ಲಿಷ್ ವಾಕ್ಯವೊಂದನ್ನು ಬದಲಿಸಿದರೆ ಅದಕ್ಕೆ ಕೂಡಿಕೊಂಡಿದ್ದ ಕನ್ನಡ ವಾಕ್ಯ ಕಳಚಿಬೀಳುತ್ತದೆ, ಆ ಜಾಗದಲ್ಲಿ ಇಂಗ್ಲಿಷೇ ಕಾಣುತ್ತದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇರುವ ಮೆನುಗಳನ್ನು ನೀವು ಕಂಡಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಅದಕ್ಕಾಗಿ ಗ್ನೋಮ್‌ನಲ್ಲಿ ಬಿಡುಗಡೆಗೆ ಕೆಲವು ವಾರ ಮೊದಲೇ ಮಾತುಗಳಿಗೆ ತಡೆ ಬೀಳುತ್ತದೆ. ಅಂದಿನಿಂದ ಅನುಮತಿಯಿಲ್ಲದೆ ಯಾವ ವಾಕ್ಯವನ್ನೂ ಬದಲಿಸುವಂತಿಲ್ಲ. ಆ ಕೆಲವು ವಾರ ಅನುವಾದಕರದು. ಶೇ 80ಕ್ಕಿಂತ ಹೆಚ್ಚು ಮಾತುಗಳು ಅನುವಾದವಾದ ಭಾಷೆಯನ್ನು ಬೆಂಬಲವಿರುವ ಭಾಷೆಯೆಂದು ಗ್ನೋಮ್ ತನ್ನ ಬಿಡುಗಡೆ ಟಿಪ್ಪಣಿಗಳಲ್ಲಿ ಎಣಿಸುತ್ತಿತ್ತು. ಸಂಜೆ ಹೊತ್ತು ಬಿಡುವು ಮಾಡಿಕೊಂಡು ಅನುವಾದ ಮಾಡುವ ನಾಲ್ಕಾರು ಜನರ ಸಣ್ಣ ಭಾಷಾ ತಂಡಕ್ಕೆ ಈ ನಿಲುಗಡೆ ಸಿಗದಿದ್ದರೆ ಆ ಮಟ್ಟ ಮುಟ್ಟುವುದು ಅಸಾಧ್ಯ. ನಿಯಮವೊಂದು ದುರ್ಬಲರಿಗೆ ನ್ಯಾಯ ಕೊಡುವ ಬಗೆ ಇದು.

ಬಿಡುವ ಕ್ಷಣದಲ್ಲಿ

ಕೊನೆಗೆ ಬಿಡುಗಡೆಯ ದಿನ ಬರುತ್ತದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಎಂಬ ಸಾಧನದಲ್ಲಿ ಯಾರು, ಯಾವಾಗ, ಯಾವ ಕಾರಣಕ್ಕೆ ಏನು ಬದಲಿಸಿದರು ಎಂಬ ಇತಿಹಾಸ ಇರುತ್ತದೆ. ಆ ಇತಿಹಾಸದ ಒಂದು ಬಿಂದುವಿಗೆ ಆವೃತ್ತಿ ಸಂಖ್ಯೆಯನ್ನು ಕಟ್ಟುತ್ತಾರೆ. ಅಲ್ಲಿಯವರೆಗಿನ ಮೂಲವನ್ನು ಒಂದು ಕಟ್ಟಾಗಿ ಕಟ್ಟುತ್ತಾರೆ. ಆ ಕಟ್ಟಿನಿಂದ ಲೆಕ್ಕ ಹಾಕಿದ ಒಂದು ತಾಳೆಸಂಖ್ಯೆಯನ್ನು ಜೊತೆಗೆ ಪ್ರಕಟಿಸುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಅದು 64 ಚಿಹ್ನೆಗಳಷ್ಟು ಉದ್ದ. ಕಟ್ಟಿನೊಳಗೆ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಅದರ ಮೇಲೆ ಬಿಡುಗಡೆ ಮಾಡಿದವರ ಡಿಜಿಟಲ್ ಸಹಿ ಇರುತ್ತದೆ. ಹೊಸದೇನು, ಕೆಟ್ಟದ್ದೇನು, ಏನನ್ನು ಎಚ್ಚರಿಕೆಯಿಂದ ಬಳಸಬೇಕು ಎಂಬ ಟಿಪ್ಪಣಿಯೂ ಹೋಗುತ್ತದೆ. ನೀರು ಬಿಡುವ ಮೊದಲು ಕೊಡುವ ಮುನ್ನೆಚ್ಚರಿಕೆಯ ಕೆಲಸವನ್ನು ಇಲ್ಲಿ ಆ ಟಿಪ್ಪಣಿ ಮಾಡುತ್ತದೆ.

ಅರ್ಧ ಸೆಕೆಂಡಿನ ಅನುಮಾನ

ಈ ಕ್ರಮಕ್ಕೆ ದೊಡ್ಡ ಪರೀಕ್ಷೆ ಬಂದದ್ದು 2024ರಲ್ಲಿ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝೆಡ್’ ಎಂಬ ಸಣ್ಣ ತಂತ್ರಾಂಶ ಲಿನಕ್ಸ್ ವ್ಯವಸ್ಥೆಗಳ ಒಳಗೆ ಎಲ್ಲೆಲ್ಲೂ ಇದೆ. ಅದನ್ನು ವರ್ಷಗಳ ಕಾಲ ನೋಡಿಕೊಂಡದ್ದು ಬಹುಮಟ್ಟಿಗೆ ಒಬ್ಬರೇ ಸ್ವಯಂಸೇವಕರು. ‘ಜಿಯಾ ಟಾನ್’ ಎಂಬ ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಯುಕ್ತ ತಿದ್ದುಪಡಿಗಳನ್ನು ಕಳುಹಿಸಿ, ನಂಬಿಕೆ ಗಳಿಸಿ, ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆಯಿತು. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲು ಅಡಗಿತ್ತು. ದೂರದಲ್ಲಿ ಕುಳಿತವರು ಸರ್ವರಿನೊಳಗೆ ನುಗ್ಗಲು ಅದು ದಾರಿ ಮಾಡಿಕೊಡುತ್ತಿತ್ತು.

ಕಳ್ಳಬಾಗಿಲನ್ನು ಚಾಲೂ ಮಾಡುವ ಸಾಲುಗಳು ಎಲ್ಲರೂ ಓದಬಹುದಾಗಿದ್ದ ಗಿಟ್ ಸಂಗ್ರಹದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಕಟ್ಟಿನಲ್ಲಿ ಮಾತ್ರ ಇದ್ದವು. ತೆರೆದ ಮೂಲಕ್ಕೂ ಬಿಟ್ಟ ಕಟ್ಟಿಗೂ ನಡುವೆ ಇದ್ದ ಒಂದು ಹೆಜ್ಜೆಯನ್ನು ಯಾರೂ ಗಮನಿಸುತ್ತಿರಲಿಲ್ಲ. ಕಳ್ಳ ಆರಿಸಿಕೊಂಡದ್ದು ಅದನ್ನೇ.

ಪೋಸ್ಟ್‌ಗ್ರೆಸ್ ದತ್ತಾಂಶ ತಂತ್ರಾಂಶದ ಪ್ರೋಗ್ರಾಮರು ಆಂಡ್ರೆಸ್ ಫ್ರಾಯಿಂಡ್ ಡೆಬಿಯನ್‌ನ ಅಸ್ಥಿರ ಮಡುವನ್ನು ಬಳಸುತ್ತಿದ್ದರು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಕಾರಣವನ್ನು ಬೆನ್ನಟ್ಟಿ ಹೋಗಿ, ಮಾರ್ಚ್ 29ರಂದು ಅದನ್ನು ಜಗತ್ತಿಗೆ ತಿಳಿಸಿದರು. ಅಷ್ಟರಲ್ಲಿ ವಿಷ ಅಸ್ಥಿರ ಮಡುವನ್ನೂ ಪರೀಕ್ಷಾ ಮಡುವನ್ನೂ ಮುಟ್ಟಿತ್ತು. ಸ್ಥಿರ ಮಡುವನ್ನು ಮುಟ್ಟಿರಲಿಲ್ಲ. ಏಪ್ರಿಲ್ 6ಕ್ಕೆ ಗೊತ್ತಾಗಿದ್ದ ಡೆಬಿಯನ್ 12.6 ಬಿಡುಗಡೆಯನ್ನು ತಂಡ ಮುಂದೂಡಿತು. ಎಲ್ಲವನ್ನೂ ಪರಿಶೀಲಿಸಿ ಜೂನ್ 29ರಂದು ಬಿಟ್ಟಿತು.

ಫ್ರಾಯಿಂಡ್ ಅವರ ಸೂಕ್ಷ್ಮ ಗಮನವನ್ನು ಜಗತ್ತು ಕೊಂಡಾಡಿದ್ದು ಸರಿಯಾಗಿಯೇ ಇದೆ. ಆದರೆ ಅವರು ನೋಡುವ ಮೊದಲೇ ಎಲ್ಲರ ಯಂತ್ರಗಳಿಗೂ ಅದು ಇಳಿದುಬಿಟ್ಟಿದ್ದರೆ ಆ ಗಮನ ತಡವಾಗಿ ಬಂದಂತಾಗುತ್ತಿತ್ತು. ನೋಡಲು ಅವರಿಗೆ ಕಾಲ ಒದಗಿಸಿದ್ದು ಮಡುಗಳ ವ್ಯವಸ್ಥೆ. ಈ ಘಟನೆಯ ನಂತರ ಕಟ್ಟುವ ಹೆಜ್ಜೆಯನ್ನೂ ತೆರೆದಿಡಬೇಕೆಂಬ ಒತ್ತಾಯ ಬಲವಾಯಿತು. ಒಂದೇ ಮೂಲದಿಂದ ಯಾರು, ಎಲ್ಲಿ ಕಟ್ಟಿದರೂ ಅದೇ ತಾಳೆಸಂಖ್ಯೆ ಬರಬೇಕೆಂಬ ಪ್ರಯತ್ನ ಡೆಬಿಯನ್‌ನಲ್ಲಿ 2013ರಿಂದಲೇ ನಡೆದಿದೆ. ಅದು ಪೂರ್ಣವಾದರೆ ಕಟ್ಟಿದವರನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ, ತಾಳೆ ನೋಡಿದರೆ ಸಾಕು.

ಬಿಟ್ಟ ನಂತರ

ಬಿಟ್ಟ ನೀರನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ತಂತ್ರಾಂಶದ ಪ್ರತಿಗಳನ್ನೂ ಅಷ್ಟೇ. ಒಮ್ಮೆ ಲಕ್ಷಾಂತರ ಯಂತ್ರಗಳಿಗೆ ಹೋದದ್ದನ್ನು ಅಳಿಸಲಾಗದು, ಅದರ ಮೇಲೆ ತಿದ್ದುಪಡಿ ಕಳುಹಿಸಬಹುದು ಅಷ್ಟೇ. ಆದ್ದರಿಂದ ಸ್ಥಿರ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳು ಮತ್ತು ಗಂಭೀರ ದೋಷಗಳ ಪರಿಹಾರ ಮಾತ್ರ ಹೋಗುತ್ತವೆ. ಬುಕ್‌ವರ್ಮ್‌ಗೆ ಹೀಗೆ 5 ವರ್ಷಗಳ ಆರೈಕೆಯ ಭರವಸೆ ಇತ್ತು. ಅದರ ಮುಂದಿನದಾದ ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ರಂದು.

ಕನ್ನಡದ ದೋಷವೊಂದನ್ನು ಮೇಲ್ದಂಡೆಯಲ್ಲಿ ಇಂದು ತಿದ್ದಿದರೂ ಸ್ಥಿರ ಆವೃತ್ತಿ ಬಳಸುವ ಶಾಲೆಗೆ ಅದು ಬರಲು ವರ್ಷ ಕಳೆಯಬಹುದು. ಇದು ಯಾರದೋ ಸೋಮಾರಿತನ ಎಂದು ಅನಿಸಬಹುದು. ಆದರೆ ಎಲ್ಲರನ್ನೂ ಮರುಕೆಡುಕಿನಿಂದ ಕಾಪಾಡುವ ಗೇಟೇ ಈ ತಿದ್ದುಪಡಿಯನ್ನೂ ತಡೆದು ನಿಲ್ಲಿಸಿದೆ. ಸ್ಥಿರತೆಗೆ ನಾವು ಕೊಡುವ ಬೆಲೆ ಅದು.

ಆ ಬೆಲೆಯನ್ನು ಕಡಿಮೆ ಮಾಡುವ ದಾರಿ ಒಂದೇ: ಗೇಟು ಇಳಿಯುವ ಮೊದಲು ದೋಷವನ್ನು ಕಂಡು ಹೇಳುವುದು. ಅರ್ಕಾವತ್ತು ತಪ್ಪು ಜಾಗದಲ್ಲಿ ಕೂತರೆ ಅದು ಕನ್ನಡ ಓದುವವರ ಕಣ್ಣಿಗೆ ಮಾತ್ರ ಬೀಳುತ್ತದೆ. ಜರ್ಮನಿಯ ಅಥವಾ ಬ್ರೆಜಿಲಿನ ಸ್ವಯಂಸೇವಕರು ಎಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿದರೂ ಅವರಿಗೆ ಅದು ಸರಿಯಾಗಿಯೇ ಕಾಣುತ್ತದೆ. ವರದಿಯಾಗದ ದೋಷ ಬಿಡುಗಡೆ ತಂಡದ ಲೆಕ್ಕದಲ್ಲಿ ಇಲ್ಲದ ದೋಷ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ, ಅದರಡಿ ರಾಜ್ಯದ ತುಂಬ ಎಂಜಿನಿಯರಿಂಗ್ ಕಾಲೇಜುಗಳಿವೆ. ಫೆಬ್ರುವರಿ ಮತ್ತು ಆಗಸ್ಟಿನಲ್ಲಿ ಗ್ನೋಮ್‌ನ ಪರೀಕ್ಷಾ ಪ್ರತಿ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಉಬುಂಟುವಿನದು ಹೊರಬರುತ್ತವೆ. ಆ ವಾರಗಳಲ್ಲಿ ಪ್ರತಿ ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು ಅವನ್ನು ಹಾಕಿಕೊಂಡು, ಕನ್ನಡದಲ್ಲಿ ಪತ್ರ ಬರೆದು, ಮೆನು ಓದಿ, ಮುದ್ರಿಸಿ ನೋಡಿ, ಕಂಡ ದೋಷವನ್ನು ಚಿತ್ರಸಹಿತ ದಾಖಲಿಸಿದರೆ, ಪ್ರೋಗ್ರಾಮಿನ ಒಂದು ಸಾಲೂ ಬರೆಯದೆಯೇ ಅವರು ಜಗತ್ತಿನ ಬಿಡುಗಡೆ ವ್ಯವಸ್ಥೆಯ ಭಾಗವಾಗುತ್ತಾರೆ. ಮುಕ್ತ ತಂತ್ರಾಂಶ ನಮಗೆ ಕೊಟ್ಟಿರುವ ದೊಡ್ಡ ಹಕ್ಕು ಇದು: ಗೇಟು ಎತ್ತುವ ಮೊದಲು ‘ಸ್ವಲ್ಪ ತಡೆಯಿರಿ, ಕನ್ನಡ ಇನ್ನೂ ಸರಿಯಾಗಿಲ್ಲ’ ಎಂದು ಹೇಳುವ ಹಕ್ಕು. ಆ ಮಾತನ್ನು ಸಕಾಲದಲ್ಲಿ, ಸಾಕ್ಷಿಸಹಿತ ಹೇಳಿದರೆ ದೋಷ ಲೆಕ್ಕಕ್ಕೆ ಸೇರುತ್ತದೆ, ಗೇಟು ಎತ್ತುವ ಮೊದಲೇ ಅದನ್ನು ತಿದ್ದಲು ಅವಕಾಶ ಸಿಗುತ್ತದೆ.